ಪೀಣ್ಯದಲ್ಲಿ ಮಾಡಿಸಿದ ಗ್ಯಾಸ್ ಬರ್ನರ್: 14 ತಿಂಗಳ ಬಳಕೆಯ ನಂತರ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಪೌಡರ್ ಕೋಟಿಂಗ್ ಘಟಕವಿದೆ. ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳು, ಕಚೇರಿಯ ಬೀರುಗಳು, ಆಸ್ಪತ್ರೆ ಮಂಚದ ಚೌಕಟ್ಟುಗಳು, ಇಂಥ ಉಕ್ಕಿನ ಸಾಮಾನುಗಳಿಗೆ ಬಣ್ಣದ ಪುಡಿ ಹಿಡಿಸಿ, 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬೇಯಿಸಿ ಕೊಡುವುದು ನಮ್ಮ ಕಸುಬು. ಬಹಳ ವರ್ಷ ಡೀಸೆಲ್ ಬರ್ನರ್‌ನಲ್ಲೇ ಕೆಲಸ ಸಾಗಿತು. ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್ ಸಂಸ್ಥೆಯ ಅನಿಲ ಕೊಳವೆ ಮಾರ್ಗ ಬಂದದ್ದು 2013ರಲ್ಲಿ. ಅದರ ಕವಲು ನಮ್ಮ ರಸ್ತೆಗೂ ತಲುಪಿದ ಮೇಲೆ ನಾವು ಡೀಸೆಲ್ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಲು ನಿರ್ಧರಿಸಿದೆವು. ಆಮದಾದ ಸಿದ್ಧ ಬರ್ನರ್ ಕೊಳ್ಳುವ ಬದಲು, ನಮ್ಮದೇ ಪ್ರದೇಶದ ಒಬ್ಬ ಚಿಕ್ಕ ತಯಾರಕರಿಂದ ನಮ್ಮ ಓವನ್‌ಗೆ ಒಪ್ಪುವ ಬರ್ನರನ್ನು ಮಾಡಿಸಿಕೊಂಡೆವು. ಬೆಲೆ ಆಮದು ಬರ್ನರ್‌ನ ಸರಿಸುಮಾರು ಅರ್ಧ. ಅದು ತಯಾರಾಗುತ್ತಿದ್ದ ಏಳು ವಾರಗಳಲ್ಲಿ ನಾನು ಆರು ಸಲ ಅವರ ವರ್ಕ್‌ಶಾಪಿಗೆ ಹೋಗಿ ನಿಂತು ನೋಡಿದ್ದೇನೆ. ಈಗ ಅದು 14 ತಿಂಗಳಿಂದ ದಿನಕ್ಕೆ ಎರಡು ಪಾಳಿ ಉರಿಯುತ್ತಿದೆ.

ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನಗೆ ಅವರ ಕೆಲಸದ ಬಗ್ಗೆ ಮೆಚ್ಚುಗೆಯೂ ಇದೆ, ದೂರುಗಳೂ ಇವೆ. ದೂರುಗಳನ್ನೆಲ್ಲ ಅವರಿಗೇ ಮುಖತಃ ಹೇಳಿ ಬಹುಪಾಲು ಸರಿಪಡಿಸಿಕೊಂಡಿದ್ದೇನೆ. ಇಂಥದೇ ಬರ್ನರ್ ಮಾಡಿಸಲು ಹೊರಟ ಸಣ್ಣ ಉದ್ಯಮಿಗಳು ಏನನ್ನು ನೋಡಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಉರಿ ಹುಟ್ಟುವ ತಲೆಭಾಗದ ಕೆಲಸ ಆಮದು ಬರ್ನರ್‌ಗಳಿಗೆ ಸರಿಸಮವಾಗಿದೆ, ಸುರಕ್ಷತೆಯ ಹೊಂದಾಣಿಕೆಗಳಲ್ಲಿ ಮತ್ತು ಕಾಗದಪತ್ರಗಳಲ್ಲಿ ಅವರು ಇನ್ನೂ ಬಹಳ ಕಲಿಯಬೇಕಿದೆ.

ಮೊದಲು ಅಳತೆಯ ವಿಷಯ. ನಮ್ಮಲ್ಲಿಗೆ ಬಂದ ಹೆಚ್ಚಿನ ಮಾರಾಟಗಾರರು ಓವನ್‌ನ ಉದ್ದ ಅಗಲ ಕೇಳಿ, ತಮ್ಮ ಪಟ್ಟಿಯಲ್ಲಿದ್ದ ಒಂದು ಮಾದರಿಗೆ ಬೆರಳಿಟ್ಟು ತೋರಿಸಿದರು. ಈ ತಯಾರಕರು ಮಾತ್ರ ಒಂದು ಸಲಕ್ಕೆ ಎಷ್ಟು ಕಿಲೋ ಸಾಮಾನು ಹಾಕುತ್ತೀರಿ, ಟ್ರಾಲಿ ಮತ್ತು ಕೊಕ್ಕೆಗಳ ತೂಕ ಎಷ್ಟು, ಎಷ್ಟು ನಿಮಿಷದಲ್ಲಿ ಬಿಸಿ ಏರಬೇಕು ಎಂದು ಕೇಳಿ ಕಾಗದದ ಮೇಲೆ ಲೆಕ್ಕ ಹಾಕಿದರು. 500 ಕಿಲೋ ಸಾಮಾನು, 200 ಕಿಲೋ ಟ್ರಾಲಿ ಮತ್ತು ಕೊಕ್ಕೆ. ಉಕ್ಕಿನ ಒಂದು ಕಿಲೋವನ್ನು ಒಂದು ಡಿಗ್ರಿ ಏರಿಸಲು 0.12 ಕಿಲೋಕ್ಯಾಲೊರಿ ಬೇಕು. 30 ಡಿಗ್ರಿಯಿಂದ 200ಕ್ಕೆ ಏರಲು 14,280 ಕಿಲೋಕ್ಯಾಲೊರಿ. ಇದು 20 ನಿಮಿಷದಲ್ಲಿ ಆಗಬೇಕಾದರೆ ಗಂಟೆಯ ಲೆಕ್ಕದಲ್ಲಿ ಸುಮಾರು 43,000. ಗೋಡೆಯಿಂದ ಸೋರುವುದು, ಎಕ್ಸಾಸ್ಟ್ ಗಾಳಿಯ ಜೊತೆ ಹೋಗುವುದು, ಬಾಗಿಲು ತೆರೆದಾಗ ನಷ್ಟವಾಗುವುದು ಎಲ್ಲ ಸೇರಿ ಇನ್ನೊಂದು 32,000. ಉರಿಯ ಬಿಸಿಯನ್ನು ಓವನ್‌ನ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ದಕ್ಷತೆಯನ್ನು ಶೇ 75 ಎಂದು ಹಿಡಿದರೆ ಬರ್ನರ್‌ನ ಶಕ್ತಿ ಗಂಟೆಗೆ ಒಂದು ಲಕ್ಷ ಕಿಲೋಕ್ಯಾಲೊರಿ, ಅಂದರೆ 116 ಕಿಲೋವಾಟ್. ನೈಸರ್ಗಿಕ ಅನಿಲದ ಒಂದು ಘನ ಮೀಟರ್‌ನಿಂದ ಸುಮಾರು 8,500 ಕಿಲೋಕ್ಯಾಲೊರಿ ಸಿಗುವುದರಿಂದ, ಗಂಟೆಗೆ 11.8 ಘನ ಮೀಟರ್ ಗ್ಯಾಸ್ ಬೇಕು.

ಇನ್ನು ಗಾಳಿ. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್‌ನ ಒಂದು ಪಾಲು ಪೂರ್ತಿ ಉರಿಯಲು ಒಂಬತ್ತೂವರೆ ಪಾಲು ಗಾಳಿ ಬೇಕು. ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಕೊಟ್ಟರೆ ಬೆರಕೆ ಎಲ್ಲೆಡೆ ಸಮನಾಗಿರದ ಕಾರಣ ಸ್ವಲ್ಪ ಗ್ಯಾಸ್ ಅರೆಬೆಂದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಆದ್ದರಿಂದ ಶೇ 20ರಷ್ಟು ಹೆಚ್ಚು ಕೊಡುತ್ತಾರೆ. ಅಲ್ಲಿಗೆ ಗಂಟೆಗೆ 134 ಘನ ಮೀಟರ್ ಆಯಿತು. ಇಲ್ಲಿ ತಯಾರಕರು ಹೇಳಿದ ಒಂದು ಮಾತಿಗಾಗಿಯೇ ನಾನು ಅವರಿಗೆ ಕೆಲಸ ಕೊಟ್ಟೆ ಎನ್ನಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಬ್ಲೋಯರ್, ಅಂದರೆ ಉರಿಗೆ ಗಾಳಿ ಊದುವ ಫ್ಯಾನ್, ಎಸೆಯುವುದು ಗಾಳಿಯ ಗಾತ್ರವನ್ನು. ಉರಿಗೆ ಬೇಕಾದದ್ದು ಗಾಳಿಯ ತೂಕ. ಸಮುದ್ರಮಟ್ಟದ ಲೆಕ್ಕದಲ್ಲಿ ಬರೆದ ಆಮದು ಪಟ್ಟಿಯನ್ನು ಹಾಗೇ ನಂಬಿ ಇಲ್ಲಿ ಕೂರಿಸಿದರೆ ಬರ್ನರ್ ತನ್ನ ಹಣೆಪಟ್ಟಿಯಲ್ಲಿರುವ ಶಕ್ತಿಯನ್ನು ಕೊಡುವುದಿಲ್ಲ, ಇಲ್ಲವೇ ಗಾಳಿ ಸಾಲದೆ ಕೆಟ್ಟದಾಗಿ ಉರಿಯುತ್ತದೆ. ಎತ್ತರವನ್ನೂ ನಮ್ಮ ಶೆಡ್ಡಿನ ಬಿಸಿಯನ್ನೂ ಸೇರಿಸಿದಾಗ 134 ಎಂಬುದು 155ರ ಹತ್ತಿರ ಹೋಯಿತು. ಅದಕ್ಕೆ ತಕ್ಕಂತೆ ಅವರು ಒಂದು ಅಳತೆ ದೊಡ್ಡದಾದ ಇಂಪೆಲ್ಲರ್ (ಬ್ಲೋಯರ್‌ನೊಳಗೆ ತಿರುಗುವ ಎಲೆಗಳ ಚಕ್ರ) ಹಾಕಿದರು. ಬೆಂಗಳೂರಿನಲ್ಲಿ ಬರ್ನರ್ ಕೊಳ್ಳುವ ಯಾರೇ ಆಗಲಿ, ಎತ್ತರದ ಲೆಕ್ಕ ಹಿಡಿದಿದ್ದೀರಾ ಎಂದು ಮೊದಲು ಕೇಳಬೇಕು. ಈ ಪ್ರಶ್ನೆಗೆ ತಡವರಿಸಿದವರ ಬಳಿ ಮುಂದಿನ ಪ್ರಶ್ನೆ ಕೇಳುವ ಅಗತ್ಯವಿಲ್ಲ.

ನಾವು ಆರಿಸಿಕೊಂಡದ್ದು ಉರಿಯ ಅನಿಲ ನೇರವಾಗಿ ಓವನ್‌ಗೆ ಹೋಗದ, ಹೀಟ್ ಎಕ್ಸ್‌ಚೇಂಜರ್ ಮೂಲಕ ಗಾಳಿಯನ್ನು ಬಿಸಿ ಮಾಡುವ ವ್ಯವಸ್ಥೆ. ನೇರ ಉರಿಯಲ್ಲಿ ಇಂಧನ ಉಳಿಯುವುದು ನಿಜ. ಆದರೆ ಉರಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ತಗುಲಿದರೆ ಕೆಲವು ಬಿಳಿ ಪುಡಿಗಳು ಹಳದಿ ತಿರುಗುತ್ತವೆ. ಆಸ್ಪತ್ರೆಯ ಮಂಚಗಳಿಗೆ ಬಿಳಿಯೇ ಬೇಕಾಗಿರುವುದರಿಂದ ನಮಗೆ ಬೇರೆ ದಾರಿ ಇರಲಿಲ್ಲ.

ಈಗ ಬರ್ನರ್‌ನ ತಲೆಭಾಗಕ್ಕೆ ಬರುತ್ತೇನೆ. ವಿನ್ಯಾಸದ ಜಾಣ್ಮೆಯೂ ಕೈಗೆಲಸದ ಅಚ್ಚುಕಟ್ಟುತನವೂ ಕಾಣುವುದು ಇಲ್ಲಿಯೇ. ನಮ್ಮ ಮನೆಯ ಒಲೆ ಮತ್ತು ಪ್ರಯೋಗಾಲಯದ ಬುನ್ಸೆನ್ ಬರ್ನರ್, ಎರಡರಲ್ಲೂ ಗ್ಯಾಸ್ ಒಂದಷ್ಟು ಗಾಳಿಯನ್ನು ತಾನೇ ಎಳೆದುಕೊಂಡು ಕೊಳವೆಯೊಳಗೆ ಬೆರೆತು ಮೇಲೆ ಬಂದು ಉರಿಯುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1855ರ ಸುಮಾರಿಗೆ ರಾಬರ್ಟ್ ಬುನ್ಸೆನ್‌ಗಾಗಿ ಪೀಟರ್ ದೆಸಾಗ ಮಾಡಿಕೊಟ್ಟ ಬರ್ನರ್‌ನ ತತ್ವ ಇದೇ. ಕೈಗಾರಿಕಾ ಬರ್ನರ್‌ಗಳಲ್ಲಿ ಬಹುಪಾಲು ಹಾಗಿರುವುದಿಲ್ಲ. ಗಾಳಿ ಒಂದು ದಾರಿಯಲ್ಲಿ, ಗ್ಯಾಸ್ ಇನ್ನೊಂದು ದಾರಿಯಲ್ಲಿ ಬಂದು, ತಲೆಭಾಗದ ಬಾಯಲ್ಲಷ್ಟೇ ಸೇರುತ್ತವೆ. ಕೊಳವೆಯೊಳಗೆ ಬೆರಕೆಯೇ ಇಲ್ಲದ್ದರಿಂದ ಉರಿ ಹಿಂದಕ್ಕೆ ನುಗ್ಗುವ ಭಯವಿಲ್ಲ. ಆದರೆ ಬೆರೆಯಲು ಸಿಗುವ ಜಾಗ ಕೆಲವೇ ಅಂಗುಲ. ಗಾಳಿ ಬರುವ ವೇಗವೋ ಸೆಕೆಂಡಿಗೆ ಹತ್ತಾರು ಮೀಟರ್. ಮೀಥೇನ್‌ನ ಉರಿ ನಿಶ್ಚಲ ಬೆರಕೆಯಲ್ಲಿ ಹರಡುವ ವೇಗ ಸೆಕೆಂಡಿಗೆ 40 ಸೆಂಟಿಮೀಟರ್ ಮಾತ್ರ. ಹೀಗಿರುವಾಗ ಉರಿಯನ್ನು ಗಾಳಿ ಊದಿ ಆರಿಸಿಬಿಡಬೇಕಿತ್ತು. ಆರಿಸದಂತೆ ತಡೆಯುವುದು ತಲೆಭಾಗದ ನಡುವಿನ ಸುಳಿತಟ್ಟೆ. ಓರೆಯಾಗಿ ಕೂರಿಸಿದ ಎಲೆಗಳ ಮೂಲಕ ಬರುವ ಗಾಳಿ ತಿರುಗುತ್ತಾ ಹೊರಬರುತ್ತದೆ. ತಿರುಗುವ ಗಾಳಿಯ ನಡುವೆ ಒತ್ತಡ ತಗ್ಗಿ, ಮುಂದೆ ಹೋದ ಬಿಸಿ ಅನಿಲದ ಒಂದು ಭಾಗ ಹಿಂದಕ್ಕೆ ಹರಿದು ಉರಿಯ ಬುಡಕ್ಕೆ ಮತ್ತೆ ಮತ್ತೆ ಕಿಚ್ಚು ಹಚ್ಚುತ್ತಿರುತ್ತದೆ. ಅಲ್ಲಿನ ಹಿರಿಯ ಫಿಟ್ಟರ್ ಇದನ್ನು "ಉರಿ ಬೇರು ಬಿಡಬೇಕು ಸಾರ್, ಬೇರು ಬಿಟ್ಟಿಲ್ಲ ಅಂದ್ರೆ ಎಷ್ಟು ಗ್ಯಾಸ್ ಕೊಟ್ಟರೂ ನಿಲ್ಲಲ್ಲ" ಎಂದು ವಿವರಿಸಿದರು. ನಾನು ಓದಿದ ಯಾವ ವಿವರಣೆಗಿಂತಲೂ ಈ ಮಾತು ನನಗೆ ಸ್ಪಷ್ಟವಾಗಿತ್ತು.

ಗ್ಯಾಸ್ ಹೊರಬರುವುದು ಸುಳಿತಟ್ಟೆಯ ಸುತ್ತಲಿನ ಉಂಗುರದಲ್ಲಿ ಕೊರೆದ 16 ರಂಧ್ರಗಳಿಂದ. ಒಂದೊಂದರ ವ್ಯಾಸ 2.7 ಮಿಲಿಮೀಟರ್. ತಲೆಭಾಗದಲ್ಲಿ ಸುಮಾರು 10 ಮಿಲಿಬಾರ್ ಒತ್ತಡವಿದ್ದಾಗ ಪೂರ್ಣ ಶಕ್ತಿಗೆ ಬೇಕಾದ ಗ್ಯಾಸ್ ಈ ರಂಧ್ರಗಳಿಂದ ಹರಿಯುತ್ತದೆ. ಈ ಉಂಗುರವನ್ನು ಕೊರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಉಂಗುರದ ಲೋಹ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 310, ಅಂದರೆ ಶೇ 25ರಷ್ಟು ಕ್ರೋಮಿಯಂ ಮತ್ತು ಶೇ 20ರಷ್ಟು ನಿಕೆಲ್ ಇರುವ ಉಕ್ಕು. ಕೆಂಪಗೆ ಕಾದರೂ ಪದರು ಪದರಾಗಿ ಉದುರದ ಗುಣ ಇದಕ್ಕಿದೆ. ಕೊರೆಯಲು ಮಾತ್ರ ಬಹಳ ಹಠಮಾರಿ ಲೋಹ. ಡ್ರಿಲ್ ನಿಧಾನವಾದರೆ ಮೇಲ್ಮೈ ಗಡುಸಾಗಿ ಬಿಟ್ ಕೂಡಲೇ ಮೊಂಡಾಗುತ್ತದೆ. ಆಪರೇಟರ್ ಮೊದಲು 2.5 ಮಿಲಿಮೀಟರ್ ಕೊರೆದು, ಆಮೇಲೆ ರಂಧ್ರವನ್ನು ನಯವಾಗಿ ಹಿಗ್ಗಿಸುವ ರೀಮರ್ ಹಾಕಿ 2.7ಕ್ಕೆ ತಂದು, ಪ್ರತಿ ರಂಧ್ರಕ್ಕೂ ಪಿನ್ ಗೇಜ್ (ನಿಖರ ವ್ಯಾಸದ ಅಳತೆ ಕಡ್ಡಿ) ಇಳಿಸಿ ನೋಡಿ, ಒಳಬದಿಯಲ್ಲಿ ಎದ್ದ ಸಿಬಿರನ್ನು ಚಿಕ್ಕ ಅರದಿಂದ ಉಜ್ಜಿ ತೆಗೆದರು. ಹನ್ನೊಂದನೆಯ ರಂಧ್ರಕ್ಕೆ 2.9ರ ಪಿನ್ ಇಳಿಯಿತು. ಬಿಟ್ ಅಲುಗಿ ರಂಧ್ರ ದೊಡ್ಡದಾಗಿತ್ತು. ನನ್ನ ಕಣ್ಣಿಗಂತೂ ವ್ಯತ್ಯಾಸವೇ ಕಾಣಲಿಲ್ಲ. ಆದರೆ ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 0.2 ಮಿಲಿಮೀಟರ್‌ನಷ್ಟು ತಪ್ಪಿದರೂ ಆ ರಂಧ್ರದಿಂದ ಶೇ 15ರಷ್ಟು ಹೆಚ್ಚು ಗ್ಯಾಸ್ ಹೋಗುತ್ತದೆ, ಉರಿ ಒಂದು ಕಡೆಗೆ ವಾಲುತ್ತದೆ. ಅವರು ಒಂದು ಮಾತೂ ಆಡದೆ ಆ ಉಂಗುರವನ್ನು ಪಕ್ಕಕ್ಕೆ ಎಸೆದು ಹೊಸ ತುಂಡನ್ನು ಚಕ್‌ಗೆ ಕಟ್ಟಿದರು. ಗಿರಾಕಿ ಎದುರಿಗಿದ್ದಾರೆಂದು ಮಾಡಿದ ಪ್ರದರ್ಶನವೇ ಎಂಬ ಸಂಶಯ ನನಗೂ ಬಂದಿತ್ತು; ಮೂಲೆಯ ಡಬ್ಬಿಯಲ್ಲಿ ಅಂಥ ಐದಾರು ತಿರಸ್ಕೃತ ಉಂಗುರಗಳನ್ನು ನೋಡಿದ ಮೇಲೆ ಆ ಸಂಶಯ ಹೋಯಿತು.

ಇಷ್ಟಾದರೂ ಮೊದಲ ಉರಿ ಸರಿಬರಲಿಲ್ಲ. ವರ್ಕ್‌ಶಾಪಿನ ಬಯಲಿನಲ್ಲಿ ಹಚ್ಚಿ ತೋರಿಸಿದಾಗ ಚೆನ್ನಾಗಿದ್ದ ಉರಿ, ನಮ್ಮ ಹೀಟ್ ಎಕ್ಸ್‌ಚೇಂಜರ್‌ನ ಕೊಳವೆಯೊಳಗೆ ಹೋದಾಗ ಉದ್ದವಾಗಿ ಚಾಚಿ ಕೊನೆಯ ಗೋಡೆಯನ್ನು ನೆಕ್ಕತೊಡಗಿತು. ನೋಡುಕಿಂಡಿಯಿಂದ ಕಂಡರೆ ಎದುರಿನ ತಗಡಿನಲ್ಲಿ ಅಂಗೈಯಗಲದ ಕೆಂಪು ಮಚ್ಚೆ. ಚಿಮಣಿಯಲ್ಲಿ ಕಾರ್ಬನ್ ಮಾನಾಕ್ಸೈಡ್ 400 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ದಾಟಿತ್ತು. ಉರಿ ಲೋಹಕ್ಕೆ ತಗುಲಿದರೆ ಎರಡು ನಷ್ಟ: ಆ ಜಾಗದ ಲೋಹ ಬೆಂದು ಬೇಗ ಬಿರುಕು ಬಿಡುತ್ತದೆ; ಅರ್ಧ ಉರಿದ ಅನಿಲ ಅಲ್ಲಿ ತಣ್ಣಗಾಗಿ ಮಾನಾಕ್ಸೈಡ್ ಆಗಿಯೇ ಉಳಿದುಬಿಡುತ್ತದೆ. ತಯಾರಕರು ತಲೆಭಾಗವನ್ನು ಬಿಚ್ಚಿಕೊಂಡು ಹೋಗಿ, ಸುಳಿತಟ್ಟೆಯ ಎಲೆಗಳ ಓರೆಯನ್ನು 30 ಡಿಗ್ರಿಯಿಂದ 45ಕ್ಕೆ ಬದಲಿಸಿ ಮೂರನೆಯ ದಿನ ತಂದು ಕೂರಿಸಿದರು. ಸುಳಿ ಬಲವಾದಷ್ಟೂ ಉರಿ ಗಿಡ್ಡವಾಗಿ ಅಗಲವಾಗುತ್ತದೆ. ಎಲೆಗಳ ಓರೆ ಹೆಚ್ಚಿದ್ದರಿಂದ ಗಾಳಿಗೆ ಅಡ್ಡಿಯೂ ಹೆಚ್ಚಿತು; ಒಂದು ಅಳತೆ ದೊಡ್ಡದಾದ ಇಂಪೆಲ್ಲರ್ ಆಗ ನಮ್ಮನ್ನು ಕಾಪಾಡಿತು. ಮಾಡಿಸಿಕೊಳ್ಳುವ ಬರ್ನರ್‌ನ ದೊಡ್ಡ ಲಾಭ ಇದು ಎಂದು ನನಗೆ ಅನಿಸಿದೆ. ಸಿದ್ಧ ಬರ್ನರ್ ಆಗಿದ್ದರೆ ನಾನು ಹೀಟ್ ಎಕ್ಸ್‌ಚೇಂಜರ್ ಅನ್ನೇ ಬದಲಾಯಿಸಬೇಕಾಗುತ್ತಿತ್ತು.

ದೊಡ್ಡ ಉರಿಯನ್ನು ನೋಡಿ ಬರ್ನರ್‌ಗೆ ಬೆಲೆ ಕಟ್ಟಬಾರದು. ಸಣ್ಣ ಉರಿಯನ್ನು ನೋಡಬೇಕು. ಸಾಮಾನು ಬಿಸಿಯೇರಿದ ಮೇಲೆ ಓವನ್‌ಗೆ ಪೂರ್ಣ ಶಕ್ತಿಯ ಅರ್ಧವೂ ಬೇಕಿಲ್ಲ. ಹಾಗಾಗಿ ದಿನದ ಹೆಚ್ಚಿನ ಹೊತ್ತು ಬರ್ನರ್ ತಗ್ಗಿದ ಉರಿಯಲ್ಲೇ ಇರುತ್ತದೆ. ತಗ್ಗಿಸಲು ಬಾರದ ಬರ್ನರ್ ಆರುತ್ತದೆ, ಹತ್ತುತ್ತದೆ, ಮತ್ತೆ ಆರುತ್ತದೆ. ಪ್ರತಿ ಸಲ ಹತ್ತುವ ಮುನ್ನ ಒಳಗೆ ತಣ್ಣನೆಯ ಗಾಳಿ ಊದಿ ಶುದ್ಧಿ ಮಾಡಲೇಬೇಕಾದ್ದರಿಂದ, ಕಾಯಿಸಿದ ಹೀಟ್ ಎಕ್ಸ್‌ಚೇಂಜರ್‌ನ ಬಿಸಿಯನ್ನು ನಾವೇ ಚಿಮಣಿಗೆ ಅಟ್ಟಿದಂತಾಗುತ್ತದೆ. ನಮ್ಮದು ಪೂರ್ಣ ಶಕ್ತಿಯ ನಾಲ್ಕನೆಯ ಒಂದು ಭಾಗದವರೆಗೆ ಇಳಿಯುತ್ತದೆ. ಕೇಳಲು ಸುಲಭ. ಆದರೆ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುವುದರಿಂದ, ಹರಿವನ್ನು ಕಾಲು ಭಾಗಕ್ಕೆ ಇಳಿಸಿದರೆ ಒತ್ತಡ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಲೆಭಾಗದಲ್ಲಿ 10 ಮಿಲಿಬಾರ್ ಇದ್ದದ್ದು 0.6 ಮಿಲಿಬಾರ್, ಅಂದರೆ ನೀರಿನ ಮಟ್ಟದಲ್ಲಿ ಆರು ಮಿಲಿಮೀಟರ್. ಬಾಗಿಲು ದಡಾರನೆ ಹಾಕಿಕೊಂಡರೂ ಅಷ್ಟು ಒತ್ತಡ ಏರುಪೇರಾಗುತ್ತದೆ. ಇಷ್ಟು ಕ್ಷೀಣ ಒತ್ತಡದಲ್ಲೂ 16 ರಂಧ್ರಗಳಿಂದಲೂ ಸಮನಾಗಿ ಗ್ಯಾಸ್ ಬರಬೇಕು, ಉರಿ ಬೇರು ಕಳೆದುಕೊಳ್ಳಬಾರದು. ನಮ್ಮ ಬರ್ನರ್ ಈ ಪರೀಕ್ಷೆಯಲ್ಲಿ ಗೆದ್ದಿದೆ. ಸಣ್ಣ ಉರಿಯಲ್ಲಿ ನೋಡುಕಿಂಡಿಯಿಂದ ಕಣ್ಣಿಟ್ಟರೆ, ನೀಲಿಯ ಹದಿನಾರು ಎಸಳುಗಳು ಒಂದೇ ಉದ್ದಕ್ಕೆ ಅಲುಗದೆ ನಿಂತಿರುತ್ತವೆ. ಆ ಡಬ್ಬಿಗೆ ಹೋದ ಉಂಗುರಗಳ ಬೆಲೆ ನನಗೆ ತಿಳಿದದ್ದು ಆಗ.

ಗಾಳಿ ಮತ್ತು ಗ್ಯಾಸ್ ಜೊತೆಜೊತೆಯಾಗಿ ಏರಿಳಿಯಲು ಮೂರು ಬಗೆಯ ಏರ್ಪಾಡುಗಳಿವೆ. ಗಾಳಿಯ ಮತ್ತು ಗ್ಯಾಸ್‌ನ ಡ್ಯಾಂಪರ್‌ಗಳನ್ನು, ಅಂದರೆ ಹರಿವನ್ನು ಹೆಚ್ಚು ಕಡಿಮೆ ಮಾಡುವ ತಿರುಗು ಬಾಗಿಲುಗಳನ್ನು, ಸರಳಿನಿಂದ ಒಟ್ಟಿಗೆ ಕಟ್ಟುವುದು ಹಳೆಯದು. ಎರಡಕ್ಕೂ ಬೇರೆ ಬೇರೆ ಸರ್ವೊ ಮೋಟರ್ ಹಾಕಿ ಕಂಟ್ರೋಲರ್‌ನಿಂದ ನಡೆಸುವುದು ದುಬಾರಿ. ನಮ್ಮದು ನಡುವಿನದು: ಗಾಳಿಯ ಒತ್ತಡವನ್ನು ಒಂದು ಸಣ್ಣ ನಳಿಕೆಯ ಮೂಲಕ ಗ್ಯಾಸ್ ರೆಗ್ಯುಲೇಟರ್‌ನ ಪೊರೆಗೆ ತಲುಪಿಸಿದರೆ, ಗಾಳಿ ಏರಿದಂತೆ ಗ್ಯಾಸ್ ತಾನಾಗಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಇದರ ಬೆಲೆ ನಮಗೆ ಎಂಟನೆಯ ತಿಂಗಳಿನಲ್ಲಿ ಗೊತ್ತಾಯಿತು. ಬರ್ನರ್ ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ ಲಾಕ್‌ಔಟ್ ಆಗತೊಡಗಿತು, ಅಂದರೆ ತಾನೇ ಆರಿ, ರೀಸೆಟ್ ಗುಂಡಿ ಒತ್ತುವವರೆಗೆ ಹತ್ತದೆ ನಿಲ್ಲತೊಡಗಿತು. ಬಿಚ್ಚಿ ನೋಡಿದರೆ ಇಂಪೆಲ್ಲರ್‌ನ ಎಲೆಗಳ ಮೇಲೆ, ಸುಳಿತಟ್ಟೆಯ ಸಂದುಗಳಲ್ಲಿ, ಇಗ್ನಿಷನ್ ಕಡ್ಡಿಯ ಪಿಂಗಾಣಿಯ ಮೇಲೆ ನಮ್ಮದೇ ಬೂದು ಮತ್ತು ಬಿಳಿ ಬಣ್ಣದ ಪುಡಿ ಕರಗಿ ಅಂಟಿ ಕೂತಿದೆ. ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಗಾಳಿಯಲ್ಲೇ ಪುಡಿ ತೇಲುತ್ತಿರುತ್ತದೆ, ಬ್ಲೋಯರ್ ಅದನ್ನೇ ಎಳೆದುಕೊಳ್ಳುತ್ತದೆ ಎಂಬುದನ್ನು ತಯಾರಕರೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಇಂಪೆಲ್ಲರ್ ಕಟ್ಟಿಕೊಂಡು ಗಾಳಿ ಕಡಿಮೆಯಾಗಿತ್ತು. ಸರಳು ಕಟ್ಟಿದ ಬರ್ನರ್ ಆಗಿದ್ದರೆ ಗ್ಯಾಸ್ ಮಾತ್ರ ಮೊದಲಿನಷ್ಟೇ ಹರಿದು ಚಿಮಣಿಯ ತುಂಬ ಮಾನಾಕ್ಸೈಡ್ ಆಗುತ್ತಿತ್ತು. ಇಲ್ಲಿ ಗಾಳಿ ಇಳಿದಂತೆ ಗ್ಯಾಸೂ ಇಳಿದು, ಓವನ್ ಬಿಸಿಯೇರುವುದು ನಿಧಾನವಾಯಿತು, ಅಷ್ಟೆ. ಬ್ಲೋಯರ್‌ಗೆ ಹೊರಗಿನಿಂದ ಗಾಳಿ ತರುವ ಡಕ್ಟ್ ಒಂದನ್ನೂ ಅದರ ಬಾಯಿಗೆ ಫಿಲ್ಟರ್ ಒಂದನ್ನೂ ಹಾಕಿಸಿದೆವು. ಅಲ್ಲಿಂದೀಚೆಗೆ ಆ ತೊಂದರೆ ಬಂದಿಲ್ಲ.

ಆಗ ಬರ್ನರ್ ಆರಿದ್ದಕ್ಕೆ ಕಾರಣವಾದ ಉರಿ ಕಾಯುವ ಕಡ್ಡಿಯ ಬಗ್ಗೆಯೂ ಎರಡು ಮಾತು. ಉರಿಗೆ ವಿದ್ಯುತ್ ಹರಿಸುವ ಗುಣವಿದೆ. ಕಡ್ಡಿ ಚಿಕ್ಕದು, ಬರ್ನರ್‌ನ ಮೈ ದೊಡ್ಡದು. ಹಾಗಾಗಿ ಇವೆರಡರ ನಡುವೆ ಎಸಿ ವೋಲ್ಟೇಜ್ ಕೊಟ್ಟರೆ ಉರಿಯ ಮೂಲಕ ಹರಿಯುವ ಕರೆಂಟ್ ಒಂದೇ ದಿಕ್ಕಿನದಾಗುತ್ತದೆ, ಕೆಲವು ಮೈಕ್ರೊ ಆಂಪಿಯರ್‌ನಷ್ಟು ಡಿಸಿ. ಕಂಟ್ರೋಲರ್ ಹುಡುಕುವುದು ಈ ಡಿಸಿಯನ್ನೇ. ವೈರ್ ಎಲ್ಲಾದರೂ ತಾಗಿಕೊಂಡು ಶಾರ್ಟ್ ಆದರೆ ಹರಿಯುವುದು ಎಸಿ, ಅದನ್ನು ಉರಿ ಎಂದು ಅದು ನಂಬುವುದಿಲ್ಲ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಕಾವಲು ಬೇರೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ 7 ಮೈಕ್ರೊ ಆಂಪಿಯರ್ ಇದ್ದದ್ದು ಪುಡಿ ಅಂಟಿ 2ಕ್ಕೆ ಇಳಿದಿತ್ತು. ಆ ಅಂಕಿಯನ್ನು ತೋರಿಸುವ ಮೀಟರ್ ಪ್ಯಾನೆಲ್ ಮೇಲೆಯೇ ಇದ್ದಿದ್ದರೆ ನಾವು ತಿಂಗಳ ಮೊದಲೇ ಎಚ್ಚೆತ್ತುಕೊಳ್ಳುತ್ತಿದ್ದೆವು, ಅದನ್ನು ಹಾಕಿರಲಿಲ್ಲ.

ಇಲ್ಲಿಂದ ನನ್ನ ದೂರುಗಳು ಶುರುವಾಗುತ್ತವೆ. ಗ್ಯಾಸ್ ಟ್ರೈನ್‌ನ, ಅಂದರೆ ಬರ್ನರ್‌ಗೆ ಗ್ಯಾಸ್ ತರುವ ಕೊಳವೆಯ ಮೇಲಿನ ಸಾಲಿನ, ಸಾಮಾನುಗಳ ಬಗ್ಗೆ ಆಕ್ಷೇಪವಿಲ್ಲ: ಬಾಲ್ ವಾಲ್ವ್, ಫಿಲ್ಟರ್, ರೆಗ್ಯುಲೇಟರ್, ಒತ್ತಡ ತೀರ ಇಳಿದರೂ ತೀರ ಏರಿದರೂ ನಿಲ್ಲಿಸುವ ಎರಡು ಸ್ವಿಚ್‌ಗಳು, ಒಂದು ಸೋರಿದರೆ ಇನ್ನೊಂದು ತಡೆಯಲೆಂದು ಸಾಲಾಗಿ ಎರಡು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ) ವಾಲ್ವ್. ಹೆಚ್ಚುವರಿ ಹಣ ಕೊಟ್ಟು, ಪ್ರತಿ ಸಲ ಹತ್ತುವ ಮುನ್ನ ಎರಡು ವಾಲ್ವ್‌ಗಳ ನಡುವಿನ ಒತ್ತಡವನ್ನು ನೋಡಿ ಸೋರಿಕೆ ಪತ್ತೆ ಮಾಡುವ ಸಾಧನವನ್ನೂ ಹಾಕಿಸಿದೆ. ಜೋಡಿಸಿದ ಮೇಲೆ ಗಾಳಿ ತುಂಬಿ, ಯು ಆಕಾರದ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಇಳಿಯುತ್ತದೆಯೇ ಎಂದು ಹತ್ತು ನಿಮಿಷ ನೋಡಿ, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಪರೀಕ್ಷಿಸಿಯೇ ಕೊಟ್ಟರು. ಸಾಮಾನುಗಳೆಲ್ಲ ಒಳ್ಳೆಯವೇ, ತಪ್ಪಿದ್ದು ಅವುಗಳ ಹೊಂದಾಣಿಕೆಯಲ್ಲಿ.

ಮುಖ್ಯವಾದದ್ದು ಹತ್ತುವ ಮುನ್ನ ಗಾಳಿ ಊದುವ ಅವಧಿ. ಅದನ್ನು ಅವರು 30 ಸೆಕೆಂಡಿಗೆ ಇಟ್ಟಿದ್ದರು. ಏಕೆಂದು ಕೇಳಿದರೆ, ಕಂಟ್ರೋಲರ್ ಅಂಗಡಿಯಿಂದ ಬಂದಾಗ ಹಾಗೇ ಇತ್ತು ಎಂಬ ಉತ್ತರ. ಓವನ್ ಮತ್ತು ಕುಲುಮೆಗಳಿಗೆ ಅಮೆರಿಕದ ಎನ್‌ಎಫ್‌ಪಿಎ 86 ನಿಯಮ ಒಳಗಿನ ಗಾತ್ರದ ನಾಲ್ಕರಷ್ಟು ಗಾಳಿ ಊದಬೇಕು ಎನ್ನುತ್ತದೆ. ಯುರೋಪಿನ ಇಎನ್ 746-2 ಐದರಷ್ಟು ಎನ್ನುತ್ತಿತ್ತು. ನಮ್ಮ ಉರಿಕೋಣೆ ಮತ್ತು ಹೀಟ್ ಎಕ್ಸ್‌ಚೇಂಜರ್‌ನ ಒಳಗಾತ್ರ 1.2 ಘನ ಮೀಟರ್. ಗಂಟೆಗೆ 155 ಘನ ಮೀಟರ್ ಊದುವ ಬ್ಲೋಯರ್ 30 ಸೆಕೆಂಡಿನಲ್ಲಿ ಊದುವುದು 1.3 ಘನ ಮೀಟರ್. ಅಂದರೆ ಒಳಗಿನ ಗಾಳಿ ಒಂದೇ ಸಲ ಬದಲಾದಂತೆ. ನಾಲ್ಕು ಸಲಕ್ಕೆ 112 ಸೆಕೆಂಡು, ಐದು ಸಲಕ್ಕೆ 140 ಸೆಕೆಂಡು ಬೇಕು. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಸೇರಿದ್ದರೆ ಒಂದು ಕಿಡಿ ಸಾಕು, ತಗಡಿನ ಪೆಟ್ಟಿಗೆ ಸಿಡಿಯುತ್ತದೆ. ಓವನ್ ಮುಂದೆ ದಿನವಿಡೀ ನಿಲ್ಲುವವರು ನಮ್ಮ ಕೆಲಸಗಾರರು. ಈ ಲೆಕ್ಕವನ್ನು ಗಿರಾಕಿ ಹಾಕಿ ತೋರಿಸಬೇಕಾಗಿ ಬಂದದ್ದು ನನಗೆ ನಿಜವಾಗಿಯೂ ನೋವು ತಂದಿತು. ಟೈಮರನ್ನು 150 ಸೆಕೆಂಡಿಗೆ ಬದಲಿಸಿಕೊಟ್ಟರು, ಅದಕ್ಕೆ ಹಣ ಕೇಳಲಿಲ್ಲ.

ಎರಡನೆಯದು ಗಾಳಿ ಇದೆಯೇ ಎಂದು ನೋಡುವ ಸ್ವಿಚ್. ಅದರ ನಳಿಕೆಯನ್ನು ಬ್ಲೋಯರ್‌ನ ಹೊಟ್ಟೆಗೇ, ಡ್ಯಾಂಪರ್‌ಗಿಂತ ಮೊದಲು ಸೇರಿಸಿದ್ದರು. ಒತ್ತಡ ಇರುವುದು ಬೇರೆ, ಗಾಳಿ ಹರಿಯುವುದು ಬೇರೆ. ಡ್ಯಾಂಪರ್ ಮುಚ್ಚಿಕೊಂಡು ಹರಿವು ನಿಂತರೂ ಬ್ಲೋಯರ್‌ನ ಹೊಟ್ಟೆಯಲ್ಲಿ ಒತ್ತಡ ಇದ್ದೇ ಇರುತ್ತದೆ, ಸ್ವಿಚ್ ಎಲ್ಲ ಸರಿಯಾಗಿದೆ ಎಂದೇ ಹೇಳುತ್ತದೆ. ಈಗ ತಲೆಭಾಗದ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸವನ್ನು ಅಳೆಯುವ ಇನ್ನೊಂದು ಸ್ವಿಚ್ ಹಾಕಿಸಿದ್ದೇನೆ; ಊದುವ ಹೊತ್ತಿನಲ್ಲಿ ಡ್ಯಾಂಪರ್ ಪೂರ್ತಿ ತೆರೆದು ಅದು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ.

ಈ ಸ್ವಿಚ್‌ಗೆ ಋಣಿಯಾಗಿರಬೇಕಾದ ಸಂದರ್ಭ ಬೇಗನೆ ಬಂತು. ಒಂದು ಭಾನುವಾರ ನಮ್ಮ ಶೆಡ್ಡಿನ ಮೇನ್ ಸ್ವಿಚ್ ರಿಪೇರಿ ಮಾಡಿದ ಎಲೆಕ್ಟ್ರಿಷಿಯನ್ ಎರಡು ಫೇಸ್‌ಗಳನ್ನು ಅದಲುಬದಲು ಮಾಡಿ ಹೋಗಿದ್ದರು. ಬ್ಲೋಯರ್ ಹಿಮ್ಮುಖವಾಗಿ ತಿರುಗತೊಡಗಿತು. ಹೀಗೆ ತಿರುಗಿದರೂ ಈ ಬಗೆಯ ಬ್ಲೋಯರ್ ಗಾಳಿಯನ್ನು ಹಿಂದಕ್ಕೆ ಎಳೆಯುವುದಿಲ್ಲ. ಅದೇ ದಿಕ್ಕಿಗೆ ಊದುತ್ತದೆ, ಆದರೆ ಬಹಳ ಕಡಿಮೆ. ಕೈಯಿಟ್ಟು ನೋಡಿದರೆ ಗಾಳಿ ಬರುತ್ತಿದೆ, ಶಬ್ದವೂ ಇದೆ. ಹೊಸ ಸ್ವಿಚ್ ಒಪ್ಪದೆ ಬರ್ನರ್ ಹತ್ತಲೇ ಇಲ್ಲ. ಅರ್ಧ ದಿನ ಕೆಲಸ ನಿಂತಿತು. ಆ ಅರ್ಧ ದಿನದ ಬಗ್ಗೆ ನನಗೆ ಬೇಸರವಿಲ್ಲ.

ಅಳವಡಿಸಿದ ಕಾಂಟ್ರಾಕ್ಟರ್‌ನ ಒಂದು ತಪ್ಪನ್ನೂ ಹೇಳಬೇಕು. ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರನ್ನು ಅವರು ನೆಲದಿಂದ ಒಂದು ಅಡಿ ಎತ್ತರದಲ್ಲಿ ಕೂರಿಸಿದ್ದರು. ಎಲ್‌ಪಿಜಿ ಗಾಳಿಗಿಂತ ಭಾರವಾಗಿ ನೆಲಕ್ಕೆ ಇಳಿಯುವುದರಿಂದ ಅದಕ್ಕೆ ಆ ಜಾಗ ಸರಿ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಅದನ್ನು ಮಾಡಿನ ಕೆಳಗೆ ಕೂರಿಸಬೇಕು. ಸಿಲಿಂಡರ್‌ನಿಂದ ಕೊಳವೆಗೆ ಬದಲಾಗುತ್ತಿರುವ ಎಲ್ಲರೂ ಇದನ್ನು ಒಮ್ಮೆ ಎದ್ದು ಹೋಗಿ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಈಚೆಗೆ ಚಿಮಣಿಯ ಅನಿಲವನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರ್ ತರಿಸಿ ಅಳೆದಾಗ ಸಿಕ್ಕ ಅಂಕಿಗಳು: ಪೂರ್ಣ ಉರಿಯಲ್ಲಿ ಚಿಮಣಿಯ ಆಕ್ಸಿಜನ್ ಶೇ 3.8, ಮಾನಾಕ್ಸೈಡ್ 18 ಪಿಪಿಎಂ. ಸಣ್ಣ ಉರಿಯಲ್ಲಿ ಆಕ್ಸಿಜನ್ ಶೇ 7, ಮಾನಾಕ್ಸೈಡ್ 35 ಪಿಪಿಎಂ. ಸಣ್ಣ ಉರಿಯಲ್ಲಿ ಗಾಳಿ ಸ್ವಲ್ಪ ಹೆಚ್ಚೇ ಹೋಗುತ್ತಿದೆ, ಅದನ್ನು ಇನ್ನೂ ಬಿಗಿ ಮಾಡಬಹುದು. ತಲೆಭಾಗವನ್ನು ಬಿಚ್ಚಿ ನೋಡಿದೆವು. ಸುಳಿತಟ್ಟೆಯ ಅಂಚು ನೀಲಿ ತಿರುಗಿದೆ, ಸೊಟ್ಟಗಾಗಿಲ್ಲ. 16 ರಂಧ್ರಗಳಿಗೂ 2.7ರ ಪಿನ್ ಇಳಿಯುತ್ತದೆ, 2.8ರದ್ದು ಇಳಿಯುವುದಿಲ್ಲ. ಹೊರಗಿನ ಕೊಳವೆ ಎಸ್‌ಎಸ್ 304ರದ್ದು, ಅದರ ತುದಿಯಲ್ಲಿ ಮಾತ್ರ ಪದರು ಏಳುತ್ತಿದೆ. ತುದಿಯ ನಾಲ್ಕು ಅಂಗುಲವನ್ನಾದರೂ 310ರಲ್ಲಿ ಮಾಡಬೇಕಿತ್ತು.

ಸರ್ವಿಸ್ ವಿಷಯದಲ್ಲಿ ಫೋನ್ ಮಾಡಿದ ದಿನವೇ ಬಂದಿದ್ದಾರೆ, ಒಂದು ಸಲ ಮಾತ್ರ ಇಗ್ನಿಷನ್ ಕಡ್ಡಿಗೆ ನಾಲ್ಕು ದಿನ ಕಾಯಿಸಿದರು. ಪ್ಯಾನೆಲ್‌ನ ವೈರಿಂಗ್ ನೋಡಲು ಕಷ್ಟ: ವೈರ್‌ಗಳಿಗೆ ನಂಬರ್ ಇಲ್ಲ, ಕೈಯಲ್ಲಿ ಬರೆದ ನಕ್ಷೆಗೂ ಒಳಗಿರುವುದಕ್ಕೂ ತಾಳೆಯಿಲ್ಲ. ಕೊಟ್ಟ ಕೈಪಿಡಿ ಎಂಟು ಪುಟದ ಇಂಗ್ಲಿಷ್ ಜೆರಾಕ್ಸ್. ರಾತ್ರಿ ಪಾಳಿಯಲ್ಲಿ ಓವನ್ ನೋಡಿಕೊಳ್ಳುವ ಹುಡುಗ ಚಳ್ಳಕೆರೆಯ ಕಡೆಯವನು, ಐಟಿಐ ಮುಗಿಸಿದವನು, ಕನ್ನಡವನ್ನು ಸರಾಗವಾಗಿ ಓದುತ್ತಾನೆ. ಕೆಂಪು ದೀಪ ಹತ್ತಿದಾಗ ಏನು ನೋಡಬೇಕು, ರೀಸೆಟ್ ಗುಂಡಿಯನ್ನು ಎಷ್ಟು ಸಲಕ್ಕಿಂತ ಹೆಚ್ಚು ಒತ್ತಬಾರದು, ಗ್ಯಾಸ್ ವಾಸನೆ ಬಂದರೆ ಯಾವ ವಾಲ್ವ್ ಮುಚ್ಚಬೇಕು ಎಂಬುದನ್ನು ಅವನ ಭಾಷೆಯಲ್ಲಿ ಬರೆದುಕೊಡುವುದು ತಯಾರಕರ ಹೊಣೆ. ಅದು ಆಗದಿದ್ದಾಗ ನಾನೇ ಒಂದು ಪುಟ ಬರೆದು, ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್‌ನ ಬಾಗಿಲಿಗೆ ಅಂಟಿಸಿದೆ. ಆ ಪುಟದ ಪ್ರತಿಯನ್ನು ತಯಾರಕರು ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಎರಡನೆಯ ಓವನ್‌ಗೂ ಅವರಿಗೇ ಹೇಳಿದ್ದೇನೆ. ಈ ಸಲ ಆರ್ಡರ್‌ನಲ್ಲೇ ಬರೆಸಿಕೊಂಡಿರುವುದು ಇಷ್ಟು: ಗಾಳಿ ಊದುವ ಅವಧಿಯ ಲೆಕ್ಕ ಕಾಗದದಲ್ಲಿ ಇರಬೇಕು, ಗಾಳಿಯ ಸ್ವಿಚ್ ಹರಿವನ್ನು ನೋಡುವಂಥದ್ದಾಗಿರಬೇಕು, ಉರಿಯ ಮೈಕ್ರೊ ಆಂಪಿಯರ್ ಮೀಟರ್ ಪ್ಯಾನೆಲ್ ಮುಖದಲ್ಲಿರಬೇಕು, ಕೊಳವೆಯ ತುದಿ 310ರದ್ದಾಗಿರಬೇಕು, ಕೈಪಿಡಿ ಕನ್ನಡದಲ್ಲಿರಬೇಕು. ಬೆಲೆ ಶೇ 8ರಷ್ಟು ಹೆಚ್ಚಾಯಿತು, ಚೌಕಾಸಿ ಮಾಡದೆ ಒಪ್ಪಿಕೊಂಡೆ. ಉಂಗುರ ಕೊರೆಯುವುದು ಮುಂದಿನ ವಾರ, ನೋಡಲು ಹೋಗುತ್ತೇನೆ.